ಓದಬಲ್ಲ ಮಗು, ಅರಿಯಬಲ್ಲ ಮಗು: ಹೊರನಾಡಿನ ಜಪಾನೀ ಶಾಲೆ ಮತ್ತು ಕನ್ನಡದ ಪಠ್ಯಭಾಷೆ

ಹೊರದೇಶಗಳಲ್ಲಿ ನೆಲೆಸಿರುವ ಜಪಾನೀ ಮಕ್ಕಳಿಗಾಗಿ ಮುಖ್ಯವಾಗಿ ಎರಡು ಬಗೆಯ ಶಾಲೆಗಳಿವೆ. ‘ನಿಹೊಂಜಿನ್ ಗಕ್ಕೊ’ ಪೂರ್ಣಾವಧಿಯದು. ಸ್ವದೇಶದ ಪಠ್ಯಕ್ರಮವನ್ನು ಜಪಾನೀ ಮಾಧ್ಯಮದಲ್ಲಿಯೇ ಬೋಧಿಸುತ್ತದೆ. ದೆಹಲಿ, ಮುಂಬಯಿಗಳಲ್ಲಿರುವುದು ಈ ಬಗೆ. ‘ಹೊಶೂಕೊ’ ಪೂರಕ ಶಾಲೆ. ಬೇರೆ ಶಾಲೆಗಳಲ್ಲಿ ಓದುವ ಮಕ್ಕಳು ಸಾಮಾನ್ಯವಾಗಿ ವಾರಾಂತ್ಯದಲ್ಲಿ ಇಲ್ಲಿಗೆ ಬರುತ್ತಾರೆ. ಬೆಂಗಳೂರಿನದು ಇಂಥದು. ಇಲ್ಲಿನ ಭಾಷಾವಿಷಯದ ಹೆಸರು ‘ಕೊಕುಗೊ’, ಅಂದರೆ ನಾಡಿನ ಭಾಷೆ. ಪರಭಾಷಿಕರಿಗೆ ಕಲಿಸುವ ಜಪಾನೀಗೆ ‘ನಿಹೊಂಗೊ’ ಎಂಬ ಬೇರೆ ಹೆಸರಿದೆ. ಮಗುವಿಗೆ ಮಾತು ಬರುತ್ತದೆ, ಬಾರದಿರುವುದು ಪಠ್ಯಭಾಷೆ ಎಂಬ ಗ್ರಹಿಕೆ ಈ ಹೆಸರಿನಲ್ಲಿಯೇ ಅಡಗಿದೆ.

ಪಠ್ಯಭಾಷೆಯ ಕೊರತೆ ಜಪಾನೀಯಲ್ಲಿ ಬೇಗನೆ ಕಣ್ಣಿಗೆ ಬೀಳುತ್ತದೆ. ಪ್ರಾಥಮಿಕ ಹಂತದ 6 ವರ್ಷಗಳಲ್ಲಿ ಕಲಿಯಬೇಕಾದ ಕಾಂಜಿಗಳು 1,026. ಮೊದಲ ತರಗತಿಗೆ 80. ‘ತಬೆರು’ (ತಿನ್ನು) ಮನೆಯ ಮಾತು. ‘ಶೊಕುರ್ಯೋ’ (ಆಹಾರ ಸಾಮಗ್ರಿ) ಪಠ್ಯದ್ದು. ಎರಡರಲ್ಲಿಯೂ ಇರುವುದು ಎರಡನೆಯ ತರಗತಿಯಲ್ಲಿ ಕಲಿಸುವ ಒಂದೇ ಕಾಂಜಿ. ಎರಡನೆಯ ಪದವನ್ನು ಉಚ್ಚರಿಸಲಾರದ ಮಗುವೂ ಅದು ತಿನ್ನುವುದಕ್ಕೆ ಸಂಬಂಧಿಸಿದ್ದೆಂದು ಊಹಿಸಬಹುದು.

ಕನ್ನಡದಲ್ಲಿ ಇದು ತಿರುವುಮುರುವು. ನವಲಗುಂದ ತಾಲ್ಲೂಕಿನ ತಿರ್ಲಾಪುರದ ಮಗುವಿನ ಮನೆಯಲ್ಲಿ ‘ಬಂದಾನ’, ಪುಸ್ತಕದಲ್ಲಿ ‘ಬಂದಿದ್ದಾನೆ’. ಮನೆಯಲ್ಲಿ ‘ಉಣ್ಣು’, ಪುಸ್ತಕದಲ್ಲಿ ‘ಆಹಾರ ಸೇವನೆ’. ಈ ಅಂತರವನ್ನು ತುಂಬುವುದು ಊರಿನ ಶಾಲೆ. ಅದೇ ಕುಟುಂಬ ದುಡಿಮೆಗೆಂದು ಗೋವಾಕ್ಕೆ ಹೋಗಿ ಮಗು ಬೇರೆ ಮಾಧ್ಯಮಕ್ಕೆ ಸೇರಿದರೆ ‘ಉಣ್ಣು’ ಉಳಿಯುತ್ತದೆ, ‘ಸೇವನೆ’ ದಕ್ಕುವುದಿಲ್ಲ. ಆದರೆ ಕಾಗುಣಿತ ಕಲಿತ ಮಗು ‘ಸೇವನೆ’ಯನ್ನು ತಡವರಿಸದೆ ಓದುತ್ತದೆ. ಓದಿದ್ದನ್ನು ಕೇಳಿದ ತಂದೆತಾಯಿಗೆ ಸಮಾಧಾನ, ಶಿಕ್ಷಕರಿಗೂ ಅಷ್ಟೆ. ಲಿಪಿಯ ಪಾರದರ್ಶಕತೆಯೇ ಇಲ್ಲಿ ಕೊರತೆಯನ್ನು ಮುಚ್ಚುತ್ತದೆ.

ಹೊರನಾಡಿನ ಅನೇಕ ಕನ್ನಡ ತರಗತಿಗಳು ಅಕ್ಷರಮಾಲೆ, ಒತ್ತಕ್ಷರ ಮುಗಿದೊಡನೆ ಗುರಿ ಮುಟ್ಟಿದಂತೆ ಭಾವಿಸುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. (ಮರಳಿ ಹೋಗಿ ಸ್ವದೇಶದ ಶಾಲೆ ಸೇರುವ ನಿರೀಕ್ಷೆ ಜಪಾನೀ ಕುಟುಂಬಗಳಲ್ಲಿ ಬಹುಕಾಲ ಬಲವಾಗಿತ್ತು, ಅಮೆರಿಕದ ಕನ್ನಡ ಮಗುವಿಗೆ ಅಂಥ ಒತ್ತಡವಿಲ್ಲ ಎಂಬುದನ್ನೂ ಮರೆಯಲಾಗದು.) ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ಪರಸ್ಪರಾವಲಂಬನೆಯ ಪ್ರಮೇಯವನ್ನು ಟೊರಾಂಟೊದ ಜಪಾನೀ ಮಕ್ಕಳಲ್ಲಿ ಪರೀಕ್ಷಿಸಿದ ಅಧ್ಯಯನವು ಎರಡೂ ಭಾಷೆಗಳ ಶೈಕ್ಷಣಿಕ ಸಾಮರ್ಥ್ಯಗಳ ನಡುವೆ ಸಂಬಂಧವನ್ನು ಗುರುತಿಸಿತು. ಆದ್ದರಿಂದ ತಾಯ್ನುಡಿಯ ಪಠ್ಯಭಾಷೆಗೆ ಕೊಟ್ಟ ಸಮಯವನ್ನು ಶಾಲಾಭಾಷೆಯಿಂದ ಕಸಿದದ್ದೆಂದು ಎಣಿಸಬೇಕಾಗಿಲ್ಲ.

ಕನ್ನಡ ತರಗತಿಯ ಮೌಲ್ಯಮಾಪನದಲ್ಲಿ ಗಟ್ಟಿಯಾಗಿ ಓದಿಸುವುದಕ್ಕೆ ಬದಲು, ಓದಿದ ಪರಿಚ್ಛೇದವನ್ನು ಮಗು ತನ್ನ ಮನೆಮಾತಿನಲ್ಲಿ ಮರುಹೇಳುವಂತೆ ಕೇಳಬಹುದು. ‘ಸೇವನೆ’ ಇದ್ದಲ್ಲಿ ‘ಉಣ್ಣೂದು’ ಬಂದರೆ ಅಂಕ ಕಳೆಯಬಾರದು. ಪಠ್ಯ ಅರ್ಥವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.