ಕುಂಡದ ಮಲ್ಲಿಗೆಗೆ ಕತ್ತರಿ ಯಾವಾಗ?

ಹೂಗಿಡದ ಗೆಲ್ಲುಗಳನ್ನು ಯಾವಾಗ ಸವರಬೇಕೆಂಬುದು, ಅದರ ಮೊಗ್ಗು ಹಳೆಯ ಗೆಲ್ಲಿನಲ್ಲಿ ಹುಟ್ಟುತ್ತದೆಯೋ ಹೊಸ ಚಿಗುರಿನಲ್ಲಿ ಹುಟ್ಟುತ್ತದೆಯೋ ಎಂಬುದನ್ನು ಅವಲಂಬಿಸಿದೆ. ಮಡಿಕೇರಿಯಂತಹ ತಂಪು ಊರುಗಳಿಗೆ ಒಗ್ಗುವ ದೊಡ್ಡೆಲೆಯ ಹೈಡ್ರೇಂಜಿಯಾ, ಹಿಂದಿನ ಋತುವಿನ ಗೆಲ್ಲಿನ ತುದಿಯಲ್ಲಿ ವಾರಗಟ್ಟಲೆ ಚಳಿಯುಂಡು ಮೊಗ್ಗು ಕಟ್ಟುವುದರಿಂದ, ಹೂ ಬಾಡಿದ ಕೂಡಲೇ ಅದನ್ನು ಸವರಬೇಕು. ತಡವಾದರೆ ಮುಂದಿನ ವರ್ಷದ ಹೂವೇ ಕತ್ತರಿಗೆ ಸಿಗುತ್ತದೆ. ಪುತ್ತೂರು ತಾಲೂಕಿನ ಬೆಟ್ಟಂಪಾಡಿಯ ಸೆಕೆಯಲ್ಲಿ ಅಂತಹ ಚಳಿ ದೊರೆಯದು. ಈ ಸೀಮೆಯ ಅಂಗಳ, ತಾರಸಿಗಳ ಕುಂಡಗಳಲ್ಲಿ ನಳನಳಿಸುವ ಮಲ್ಲಿಗೆಯಾದರೋ ಹೊಸ ಚಿಗುರಿನ ತುದಿಯಲ್ಲೇ ಹೂಬಿಡುವ ಗಿಡ. ಅದನ್ನು ಸವರದೆ ಬಿಡುವುದೇ ನಷ್ಟ.

ಮಲ್ಲಿಗೆಯ ಗೆಲ್ಲನ್ನು ಹತ್ತಿರದಿಂದ ನೋಡಿದರೆ ಪ್ರತಿ ಗಿಣ್ಣಿನಲ್ಲೂ ಎಲೆಗಳು ಎದುರುಬದುರಾಗಿ ಜೋಡಿಯಾಗಿರುವುದೂ, ಎರಡರ ಕಂಕುಳಲ್ಲೂ ಒಂದೊಂದು ಸಣ್ಣ ಕುಡಿ ಅಡಗಿರುವುದೂ ಕಾಣುತ್ತದೆ. ತುದಿಯ ಚಿಗುರಿನಲ್ಲಿ ಉತ್ಪತ್ತಿಯಾಗಿ ಕೆಳಗಿಳಿಯುವ ಆಕ್ಸಿನ್ ಎಂಬ ಚೋದಕವು ಈ ಕುಡಿಗಳನ್ನು ಏಳಗೊಡುವುದಿಲ್ಲ. ಇದಕ್ಕೆ ತುದಿಪ್ರಾಬಲ್ಯ ಎಂದು ಹೆಸರು. ತುದಿಗೆ ಹರಿಯುತ್ತಿದ್ದ ಸಕ್ಕರೆ ಕತ್ತರಿಸಿದೊಡನೆ ಕುಡಿಗಳತ್ತ ತಿರುಗುವುದೇ ಅವು ಏಳಲು ಮೊದಲ ಸೂಚನೆಯೆಂದು, ಬಟಾಣಿ ಗಿಡದ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದ್ದರಿಂದ ಗಿಣ್ಣಿನ ತುಸು ಮೇಲೆ ಕತ್ತರಿಸಿದರೆ ಒಂದು ತುದಿಯಿದ್ದಲ್ಲಿ ಸಾಮಾನ್ಯವಾಗಿ ಎರಡು ಚಿಗುರುಗಳು ಏಳುತ್ತವೆ. ಉಡುಪಿ ಮಲ್ಲಿಗೆಯ ವ್ಯಾಪಾರದಲ್ಲಿ ಒಂದು ಚೆಂಡಿಗೆ ಸುಮಾರು 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವಿರುವಾಗ, ತುದಿಗಳ ಸಂಖ್ಯೆ ಹೆಚ್ಚುವುದು ಬೆಳೆಗಾರರಿಗೆ ಸಣ್ಣ ವಿಷಯವಲ್ಲ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಪುತ್ತೂರಿನ ಆಸುಪಾಸಿನಲ್ಲಿ ಮಳೆಗಾಲದ ಸವರಿಕೆ ಅಪಾಯಕರ. ಗಾಯ ಒಣಗದೆ ಶಿಲೀಂಧ್ರ ತಗಲಿ ಗೆಲ್ಲು ಮೇಲಿನಿಂದ ಕೆಳಕ್ಕೆ ಒಣಗುತ್ತಾ ಬರಬಹುದು. ಮಳೆ ನಿಂತು ಹೂ ವಿರಳವಾಗುವ ನವೆಂಬರ್ ವೇಳೆಗೆ, ಮೊದಲು ಒಣಗಿದ, ರೋಗ ತಗಲಿದ, ಒಂದಕ್ಕೊಂದು ಉಜ್ಜುವ ಗೆಲ್ಲುಗಳನ್ನು ತೆಗೆದು, ಬಳಿಕ ಗಿಡವನ್ನು ಸುಮಾರು ಒಂದೂವರೆ ಅಡಿಗೆ ಇಳಿಸಿದರೆ ಬೇಸಗೆಯ ಹೂವಿಗೆ ಚಿಗುರು ಸಿದ್ಧವಾಗುತ್ತದೆ.

ಕುಂಡದ ಗಿಡಕ್ಕೆ ಇನ್ನೊಂದು ಎಚ್ಚರ ಬೇಕು. ಎಲೆಗಳು ನೀರನ್ನು ಆವಿಯಾಗಿಸುವ ಬಾಷ್ಪವಿಸರ್ಜನೆ ಸವರಿದ ಬಳಿಕ ಕುಗ್ಗುವುದರಿಂದ ಮಣ್ಣು ಬೇಗ ಆರುವುದಿಲ್ಲ. ಹಿಂದಿನಷ್ಟೇ ನೀರು ಹೊಯ್ದರೆ ಇಕ್ಕಟ್ಟಿನಲ್ಲಿರುವ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಆದಕಾರಣ ಹೊಸ ಚಿಗುರು ಮೂಡುವವರೆಗೆ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಟ್ಟು, ನೆಲಗಡಲೆ ಹಿಂಡಿಯನ್ನು ಚಿಗುರು ಕಂಡ ನಂತರವೇ ಹಾಕುವುದು ಸೂಕ್ತ.