ಕೀನ್ಯಾದ ಗಣಕ ವಿದ್ಯಾರ್ಥಿಗಳ ಕೆಲಸದ ಕಲಿಕೆ

ಆಫ್ರಿಕಾದ ಕೀನ್ಯಾ ದೇಶದಲ್ಲಿ ಗಣಕವಿಜ್ಞಾನ ಓದುವ ವಿದ್ಯಾರ್ಥಿಗಳು ಪದವಿಗೆ ಮುನ್ನ ಸಾಮಾನ್ಯವಾಗಿ ಎರಡು ಮೂರು ತಿಂಗಳು ಯಾವುದಾದರೊಂದು ಸಂಸ್ಥೆಯಲ್ಲಿ ಕೆಲಸ ಕಲಿಯುತ್ತಾರೆ. ಅಲ್ಲಿ ಇದಕ್ಕೆ ‘ಅಟ್ಯಾಚ್‌ಮೆಂಟ್’ ಎಂದು ಹೆಸರು. ನಿತ್ಯದ ಕೆಲಸವನ್ನು ದಿನಚರಿ ಪುಸ್ತಕದಲ್ಲಿ ಬರೆದು ಮೇಲ್ವಿಚಾರಕರ ಸಹಿ ಪಡೆಯಬೇಕು. ಅಧ್ಯಾಪಕರೂ ಬಂದು ನೋಡುತ್ತಾರೆ.

ಏರ್ಪಾಡು ಒಳ್ಳೆಯದೇ. ಆದರೆ ಪ್ರೋಗ್ರಾಂ ಬರೆಯಲು ಕಲಿತ ಹುಡುಗಿಯ ಪಾಲಿಗೆ ಜೆರಾಕ್ಸ್ ತೆಗೆಯುವುದು, ಪ್ರಿಂಟರಿಗೆ ಕಾಗದ ಹಾಕುವುದಷ್ಟೇ ಬಂದರೆ ದಿನಚರಿಯ ಹಾಳೆಗಳು ತುಂಬುತ್ತವೆ, ಅಷ್ಟೆ. ಅನೇಕ ಕಡೆ ಸಂಬಳವೂ ಇಲ್ಲ. ನೈರೋಬಿಯಲ್ಲಿ ‘ಮಟಾಟು’ ಎಂಬ ಬಾಡಿಗೆ ವ್ಯಾನಿನ ಖರ್ಚನ್ನು ಮನೆಯವರೇ ಭರಿಸಬೇಕು. ಬಡ ತಂದೆತಾಯಿಯರಿಗೆ ಇದು ಸಣ್ಣ ಹೊರೆಯಲ್ಲ.

ಕಲಿಯುವುದಕ್ಕೆ ಅಲ್ಲಿ ವಿಷಯದ ಬರವೇನೂ ಇಲ್ಲ. ಮೊಬೈಲಿನಲ್ಲೇ ಹಣ ಕಳುಹಿಸುವ ‘ಎಂ-ಪೆಸಾ’ 2007ರಲ್ಲಿ ಆರಂಭವಾದದ್ದು ಆ ನಾಡಿನಲ್ಲಿಯೇ. ಬೇರೆ ಬೇರೆ ಪ್ರೋಗ್ರಾಂಗಳನ್ನು ಅದರೊಡನೆ ಜೋಡಿಸಲು ‘ದರಾಜಾ’ ಎಂಬ ವ್ಯವಸ್ಥೆಯಿದೆ; ಸ್ವಾಹಿಲಿಯಲ್ಲಿ ಈ ಮಾತಿಗೆ ಸೇತುವೆ ಎಂದರ್ಥ. ನಿಜವಾದ ಹಣ ತೊಡಗಿಸದೆ ಪರೀಕ್ಷಿಸಿ ನೋಡುವ ಅನುಕೂಲವೂ ಅದರಲ್ಲಿದೆ.

ಹೀಗಿರುವಾಗ ವಿದ್ಯಾರ್ಥಿಗೆ ಮೊದಲ ವಾರದಲ್ಲಿಯೇ ಚಿಕ್ಕದಾದರೂ ಪೂರ್ತಿಯಾದ ಒಂದು ಕೆಲಸವನ್ನು ವಹಿಸಬಹುದು. ಶಾಲೆಯೊಂದಕ್ಕೆ ಎಂ-ಪೆಸಾ ಮೂಲಕ ಬಂದ ಶುಲ್ಕವನ್ನು ಲೆಕ್ಕದೊಡನೆ ತಾಳೆ ನೋಡುವ ಪ್ರೋಗ್ರಾಂ ಆದರೂ ಸಾಕು. ತಪ್ಪು ತಿದ್ದಲು ಒಬ್ಬ ಹಿರಿಯರು ವಾರಕ್ಕೆ ಒಂದೆರಡು ಗಂಟೆ ಕೊಡಬೇಕು. ಅಷ್ಟೂ ಪುರುಸೊತ್ತಿಲ್ಲದ ಸಂಸ್ಥೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳದಿರುವುದೇ ಲೇಸು. ಅಧ್ಯಾಪಕರೂ ಬಂದಾಗ ಸಹಿಗಳನ್ನು ಎಣಿಸುವ ಬದಲು, ಆ ಪ್ರೋಗ್ರಾಂ ನಡೆಸಿ ತೋರಿಸುವಂತೆ ಕೇಳಲಿ.