ಹಳೆಯ ಲೆಡ್ಜರಿನಲ್ಲಿ ಸಿಕ್ಕಿದ ಚಿನ್ನ

ಮಕ್ಕಳೇ, ನಿಮ್ಮ ಅಜ್ಜಿಯ ಬೆರಳಿನ ಉಂಗುರವನ್ನೊಮ್ಮೆ ನೋಡಿ. ನಾಲ್ಕೈದು ಗ್ರಾಂ ತೂಗಬಹುದು. ಈಗ 50 ಕಿಲೋದ ಅಕ್ಕಿ ಮೂಟೆಗಳನ್ನು 20 ಪೇರಿಸಿ ನಿಲ್ಲಿಸಿದ್ದೀರಿ ಎಂದುಕೊಳ್ಳಿ. ಅದು ಒಂದು ಟನ್. ಅಷ್ಟು ತೂಕದ ಕಲ್ಲಿನೊಳಗೆ ಆ ಉಂಗುರದಷ್ಟು ಚಿನ್ನ ಇದ್ದರೆ, ಅದೂ ಕಣ್ಣಿಗೆ ಕಾಣದ ಕಣಗಳಾಗಿ ಚದುರಿಹೋಗಿದ್ದರೆ, ಗಣಿಯವರು ಅದನ್ನು ಒಳ್ಳೆಯ ಅದಿರು ಎನ್ನುತ್ತಾರೆ. ಕಡ್ಡಿಯಿಂದ ಗೀರಿದರೆ ಚಿನ್ನ ಹೊಳೆಯುತ್ತದೆ ಎಂಬುದೆಲ್ಲ ಸಿನಿಮಾದಲ್ಲಿ.

ಹಾಗಾದರೆ ಅಂಥ ಕಲ್ಲು ನೆಲದಡಿ ಎಲ್ಲಿದೆ, ಎಷ್ಟಿದೆ ಎಂದು ತಿಳಿಯುವುದು ಹೇಗೆ? ಕೊರೆದು ನೋಡಬೇಕು. ನಮ್ಮ ತೋಟಗಳಲ್ಲಿ ಬೋರ್‌ವೆಲ್ ಕೊರೆಸಿದರೆ ಕಲ್ಲು ಪುಡಿಯಾಗಿ ಮೇಲೆ ಹಾರುತ್ತದೆ. ಭೂವಿಜ್ಞಾನಿಗಳು ಬಳಸುವ ಒಂದು ಬಗೆಯ ಯಂತ್ರ ಬೇರೆ ಥರ. ಅದರ ತುದಿಯಲ್ಲಿ ಕೈಗಾರಿಕೆಯ ವಜ್ರದ ಚೂರುಗಳಿರುವ ಟೊಳ್ಳು ಬಳೆ ಇರುತ್ತದೆ. ಅದು ಸುತ್ತ ಕೊರೆದು, ನಡುವಿನ ಕಲ್ಲನ್ನು ಲಟ್ಟಣಿಗೆಯಂತೆ ಉದ್ದುದ್ದಕ್ಕೆ ಹೊರತೆಗೆಯುತ್ತದೆ. ಇದಕ್ಕೆ ಕೋರ್ ಎನ್ನುತ್ತಾರೆ. ಆದರೆ ಒಂದೊಂದು ರಂಧ್ರಕ್ಕೂ ಲಕ್ಷಗಟ್ಟಲೆ ಖರ್ಚು. ಆದ್ದರಿಂದ ರಂಧ್ರಗಳು ದೂರ ದೂರ. ಒಂದು ರಂಧ್ರಕ್ಕೂ ಇನ್ನೊಂದಕ್ಕೂ ನಡುವೆ ಏನಿದೆ? ಅಲ್ಲಿ ಕತ್ತಲೆ. ಖನಿಜ ಹುಡುಕುವವರ ಹೊಸ ವಿದ್ಯೆಯೆಲ್ಲ ಈ ಕತ್ತಲೆಯೊಳಗೆ ನೋಡುವ ವಿದ್ಯೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವನು. ಕಲ್ಲಿನ ಶಾಸ್ತ್ರ ನನ್ನದಲ್ಲ. ಆದರೂ ನಿವೃತ್ತಿಯಾದ ಮೇಲೆ ಇದನ್ನೆಲ್ಲ ಹುಡುಕಿ ಓದುತ್ತಾ ಬಂದದ್ದಕ್ಕೆ ಕಾರಣವಿದೆ. ನಾಲ್ಕು ವರ್ಷ ಕೋಲಾರದ ಕಡೆಯ ಶಾಖೆಯಲ್ಲಿದ್ದೆ. ಕೌಂಟರಿನ ಆಚೆ ನಿಲ್ಲುತ್ತಿದ್ದವರಲ್ಲಿ ಅನೇಕರು ಕೆ.ಜಿ.ಎಫ್. ಗಣಿಯವರು. ಇನ್ನೂ ಒಂದು ಕಾರಣ: ಈ ಕಥೆಗಳಲ್ಲಿ ಚಿನ್ನ ಸಿಕ್ಕಿದ್ದು ಎಷ್ಟೋ ಸಲ ಗುದ್ದಲಿಯಿಂದಲ್ಲ, ಹಳೆಯ ರಿಜಿಸ್ಟರುಗಳಿಂದ. ಜೀವಮಾನವಿಡೀ ರಿಜಿಸ್ಟರು ಬರೆದವನಿಗೆ ಇದಕ್ಕಿಂತ ಸಂತೋಷ ಬೇರೆ ಬೇಕೆ?

ಮೊದಲ ಕಥೆ ದಕ್ಷಿಣ ಆಫ್ರಿಕಾದ್ದು. ಜೊಹಾನ್ಸ್‌ಬರ್ಗ್ ನಗರದ ಸುತ್ತಮುತ್ತ ವಿಟ್‌ವಾಟರ್ಸ್‌ರ್ಯಾಂಡ್ ಎಂಬ ದೊಡ್ಡ ಚಿನ್ನದ ಸೀಮೆ. ಅಲ್ಲಿ ಡ್ಯಾನಿ ಕ್ರಿಗ್ ಎಂಬ ಗಣಿ ಎಂಜಿನಿಯರ್ ಇದ್ದರು. ಗಣಿಯವರು ಮಾದರಿ ಕಲ್ಲುಗಳನ್ನು ಪರೀಕ್ಷಿಸಿ, ಈ ಭಾಗದಲ್ಲಿ ಇಷ್ಟು ಚಿನ್ನ ಎಂದು ಬರೆದಿಟ್ಟುಕೊಳ್ಳುತ್ತಿದ್ದರು. ಆಮೇಲೆ ಆ ಭಾಗವನ್ನು ಅಗೆದಾಗ ನಿಜವಾಗಿ ಎಷ್ಟು ಸಿಕ್ಕಿತು ಎಂಬುದೂ ದಾಖಲೆಯಲ್ಲಿರುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ವಿಚಿತ್ರ ಕಾಣುತ್ತಿತ್ತು. ತುಂಬಾ ಶ್ರೀಮಂತ ಎಂದು ಬರೆದ ಕಡೆ ಅಂದುಕೊಂಡದ್ದಕ್ಕಿಂತ ಕಡಿಮೆ ಸಿಗುತ್ತಿತ್ತು. ಬಡಪಾಯಿ ಎಂದು ಬಿಟ್ಟ ಕಡೆ ಅಂದುಕೊಂಡದ್ದಕ್ಕಿಂತ ಹೆಚ್ಚು.

ಇದರಲ್ಲಿ ಮೋಸವೇನೂ ಇರಲಿಲ್ಲ. ನಿಮ್ಮ ತರಗತಿಯನ್ನೇ ನೋಡಿ. ಒಂದು ಕಿರುಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದವನು ಬುದ್ಧಿವಂತನೇ, ಸರಿ. ಆದರೆ ಅಂದು ಅವನು ಓದಿದ ಪಾಠವೇ ಪ್ರಶ್ನೆಯಾಗಿ ಬಂದಿತ್ತು ಎಂಬ ಅದೃಷ್ಟವೂ ಅದರಲ್ಲಿ ಸ್ವಲ್ಪ ಸೇರಿರುತ್ತದೆ. ವರ್ಷದ ಸರಾಸರಿ ನೋಡಿದರೆ ನೂರಕ್ಕಿಂತ ಕೆಳಗೇ ಇರುತ್ತದೆ. ಕಲ್ಲಿನ ಒಂದು ಮಾದರಿಯೂ ಒಂದು ಪರೀಕ್ಷೆಯಂತೆ. ಅದೊಂದನ್ನೇ ನಂಬಿ ಸುತ್ತಲಿನ ಸಾವಿರಾರು ಟನ್ ಕಲ್ಲಿಗೆಲ್ಲ ಅದೇ ಅಂಕ ಕೊಡಬಾರದು.

ಕ್ರಿಗ್ ಅವರು 1951ರಲ್ಲಿ ಇದಕ್ಕೊಂದು ಲೆಕ್ಕದ ದಾರಿ ತೋರಿಸಿದರು. ಮುಂದೆ ಫ್ರಾನ್ಸಿನ ಜಾರ್ಜ್ ಮಾತೆರಾನ್ ಎಂಬ ಗಣಿತಜ್ಞರು ಅದನ್ನು ದೊಡ್ಡ ಶಾಸ್ತ್ರವಾಗಿ ಬೆಳೆಸಿ, ಕ್ರಿಗ್ ಅವರ ಹೆಸರನ್ನೇ ಇಟ್ಟರು. ಇಂದು ಲೋಕವೆಲ್ಲ ಅದನ್ನು ಕ್ರಿಗಿಂಗ್ ಎನ್ನುತ್ತದೆ.

ಕ್ರಿಗಿಂಗ್ ಅಂದರೆ ಏನು? ನಮ್ಮ ಬ್ಯಾಂಕಿನಲ್ಲಿ ಮನೆ ಸಾಲಕ್ಕೆ ನಿವೇಶನದ ಬೆಲೆ ಕಟ್ಟುತ್ತಿದ್ದದ್ದು ನೆನಪಾಗುತ್ತದೆ. ಆ ಸೈಟು ಮಾರಾಟವಾಗಿಲ್ಲ, ಅಕ್ಕಪಕ್ಕದವು ಮಾರಾಟವಾಗಿವೆ. ಪಕ್ಕದ ಸೈಟಿನ ಬೆಲೆಗೆ ಹೆಚ್ಚು ತೂಕ ಕೊಡಬೇಕು, ಮೂರನೇ ಬೀದಿಯದಕ್ಕೆ ಕಡಿಮೆ. ಅಲ್ಲಿಗೆ ಯಾರಿಗಾದರೂ ಹೊಳೆಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಪೂರ್ವ ದಿಕ್ಕಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಮೂರು ಸೈಟುಗಳು ಒಂದೇ ಬೆಲೆಗೆ ಹೋಗಿದ್ದರೆ, ಅವನ್ನು ಮೂರು ಸಾಕ್ಷಿ ಎಂದು ಎಣಿಸಬಾರದು. ಮೂವರೂ ಒಂದೇ ಮನೆಯವರು, ಹೇಳುವುದು ಒಂದೇ ಮಾತು. ಪಶ್ಚಿಮದಲ್ಲಿ ಒಂಟಿಯಾಗಿರುವ ಸೈಟಿನ ಮಾತಿಗೆ ಅದರದೇ ಬೆಲೆ ಇದೆ. ಕ್ರಿಗಿಂಗ್ ಈ ತೂಕಗಳನ್ನೆಲ್ಲ ಲೆಕ್ಕದಿಂದಲೇ ಹಂಚುತ್ತದೆ. ಕೊನೆಗೆ ಇಷ್ಟು ಚಿನ್ನ ಎಂದು ಹೇಳಿ ಸುಮ್ಮನಾಗುವುದಿಲ್ಲ, ಈ ಅಂದಾಜು ಎಷ್ಟು ತಪ್ಪಿರಬಹುದು ಎಂಬುದನ್ನೂ ಹೇಳುತ್ತದೆ. ನನಗೆ ಮೆಚ್ಚುಗೆಯಾದದ್ದು ಇದೇ. ತನ್ನ ಮಾತಿನಲ್ಲಿ ಎಷ್ಟು ಅನುಮಾನವಿದೆ ಎಂದು ತಾನೇ ಹೇಳುವ ಲೆಕ್ಕವನ್ನು ನಮ್ಮ ಬ್ಯಾಂಕಿನ ಯಾವ ಪುಸ್ತಕದಲ್ಲೂ ನಾನು ಕಂಡಿರಲಿಲ್ಲ.

ಎರಡನೆಯ ಕಥೆಗೆ ಕೆನಡಾ ದೇಶಕ್ಕೆ ಹೋಗೋಣ. ಅಲ್ಲಿನ ಒಂಟಾರಿಯೊ ಪ್ರಾಂತದ ವಾಯವ್ಯ ಭಾಗದಲ್ಲಿ ರೆಡ್ ಲೇಕ್ ಎಂಬ ಊರು. ಗೋಲ್ಡ್‌ಕಾರ್ಪ್ ಎಂಬ ಕಂಪನಿಯ ಹಳೆಯ ಗಣಿ ಅಲ್ಲಿತ್ತು. ಗಣಿಯಲ್ಲಿ ಮುಷ್ಕರ, ಖರ್ಚು ವಿಪರೀತ. ಆಳದಲ್ಲಿ ಶ್ರೀಮಂತ ಅದಿರು ಇದೆ ಎಂದು ಕೊರೆತದಿಂದ ಗೊತ್ತಾಗಿತ್ತು. ಅದು ಎಲ್ಲಿಂದ ಎಲ್ಲಿಯವರೆಗೆ ಎಂಬುದೇ ಬಗೆಹರಿಯದು. ಆಗ ಕಂಪನಿಯ ಮುಖ್ಯಸ್ಥ ರಾಬ್ ಮೆಕ್‌ಯೂಯನ್ ಅವರಿಗೆ 1999ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಒಂದು ಉಪನ್ಯಾಸ ಕೇಳುವ ಸಂದರ್ಭ ಬಂತು. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಗುಟ್ಟು ಮಾಡದೆ ತೆರೆದಿಟ್ಟಿದ್ದರಿಂದ ಜಗತ್ತಿನ ಸಾವಿರಾರು ಜನ ಸೇರಿ ಅದನ್ನು ತಿದ್ದಿ ಬೆಳೆಸಿದರು ಎಂಬ ಕಥೆ ಅದು.

ಮೆಕ್‌ಯೂಯನ್ ಊರಿಗೆ ಬಂದವರೇ ತಮ್ಮ ಭೂವಿಜ್ಞಾನಿಗಳನ್ನು ಕರೆದು, 1948ರಿಂದ ಈಚೆಗಿನ ನಮ್ಮ ಎಲ್ಲ ದಾಖಲೆಯನ್ನೂ ಇಂಟರ್‌ನೆಟ್ಟಿನಲ್ಲಿ ಹಾಕೋಣ ಎಂದರು. ಗಣಿ ವ್ಯಾಪಾರದಲ್ಲಿ ಇದು ಕೇಳರಿಯದ ಮಾತು. ಕೊರೆತದ ದಾಖಲೆ ಎಂದರೆ ತಿಜೋರಿಯ ಬೀಗದ ಕೈ ಇದ್ದಂತೆ. ಆದರೂ 2000ದ ಮಾರ್ಚಿನಲ್ಲಿ ಸುಮಾರು 55,000 ಎಕರೆ ಭೂಮಿಯ ನಕಾಶೆ, ಕೊರೆತದ ವಿವರ, ಪರೀಕ್ಷೆಯ ಅಂಕಿಗಳೆಲ್ಲ ಬಯಲಿಗೆ ಬಂದವು. ಎಲ್ಲಿ ಅಗೆಯಬೇಕು ಎಂದು ಚೆನ್ನಾಗಿ ತೋರಿಸಿದವರಿಗೆ ಒಟ್ಟು 5,75,000 ಡಾಲರ್ ಬಹುಮಾನ ಎಂದು ಸಾರಿದರು.

ಸುಮಾರು 50 ದೇಶಗಳಿಂದ ಸಾವಿರಕ್ಕೂ ಹೆಚ್ಚು ಮಂದಿ ಮುಂದೆ ಬಂದರು. ಅವರಲ್ಲಿ ಭೂವಿಜ್ಞಾನಿಗಳಷ್ಟೇ ಅಲ್ಲ, ಗಣಿತದವರು, ಕಾಲೇಜು ವಿದ್ಯಾರ್ಥಿಗಳು, ಸೈನ್ಯದ ಅಧಿಕಾರಿಗಳೂ ಇದ್ದರು. ಮೊದಲ ಬಹುಮಾನ ಗೆದ್ದದ್ದು ಆಸ್ಟ್ರೇಲಿಯಾದ ಎರಡು ಸಂಸ್ಥೆಗಳ ಜೋಡಿ ತಂಡ. ಅವರು ಹಳೆಯ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಗಣಿಯ ಮೂರು ಆಯಾಮದ ಚಿತ್ರ ಕಟ್ಟಿದ್ದರು. ಬೊಂಬೆಮನೆಯಂತೆ ಅದನ್ನು ಪರದೆಯ ಮೇಲೆ ಎತ್ತ ಬೇಕಾದರೂ ತಿರುಗಿಸಿ ನೋಡಬಹುದಿತ್ತು. ಸ್ಪರ್ಧಿಗಳು ಒಟ್ಟು 110 ಜಾಗ ತೋರಿಸಿದರು. ಅದರಲ್ಲಿ ಅರ್ಧದಷ್ಟು ಕಂಪನಿಯವರ ಕಣ್ಣಿಗೇ ಬಿದ್ದಿರಲಿಲ್ಲ. ಆ ಹೊಸ ಜಾಗಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಕಡೆ ಗಣನೀಯ ಚಿನ್ನ ಸಿಕ್ಕಿತು ಎಂದು ಕಂಪನಿ ಹೇಳಿಕೊಂಡಿದೆ. ಮುಚ್ಚಿಹೋಗಬಹುದಾಗಿದ್ದ ಗಣಿ ಚೇತರಿಸಿಕೊಂಡಿತು.

ಇಸವಿಯನ್ನು ಗಮನಿಸಿದಿರಾ? ಅಲ್ಲಿ 2000ದಲ್ಲಿ ಹೀಗಾಯಿತು. ಇಲ್ಲಿ 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ರೆಡ್ ಲೇಕಿನ ಉಪಾಯ ಇಲ್ಲಿ ಮಾಡಿದ್ದರೆ ಕೆ.ಜಿ.ಎಫ್. ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. 120 ವರ್ಷ ಅಗೆದು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ ಅದು. ಆಳಕ್ಕೆ ಹೋದಷ್ಟೂ ಖರ್ಚು ಹೆಚ್ಚುತ್ತಿತ್ತು, ಕಲ್ಲಿನಲ್ಲಿ ಚಿನ್ನ ಕಡಿಮೆಯಾಗುತ್ತಿತ್ತು. ಆದರೆ ಆಮೇಲೆ ಆ ಊರಿನ ಜನ ಏನಾದರು ಎಂಬುದನ್ನು ಮಾರಿಕುಪ್ಪಂನಿಂದ ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ನಿಂತೇ ಬರುವವರನ್ನು ಕೇಳಬೇಕು.

ಹೊಸ ಸಲಕರಣೆಗಳ ಬಗ್ಗೆಯೂ ಎರಡು ಮಾತು. ವಿಮಾನದಿಂದ ನೆಲದ ಕಾಂತಶಕ್ತಿಯನ್ನು ಅಳೆಯುತ್ತಾರೆ. ಪಿಸ್ತೂಲಿನ ಆಕಾರದ ಎಕ್ಸ್-ರೇ ಯಂತ್ರವೊಂದಿದೆ. ಕಲ್ಲಿಗೆ ಗುರಿಯಿಟ್ಟು ಗುಂಡಿ ಒತ್ತಿದರೆ ಅದರಲ್ಲಿ ಯಾವ ಯಾವ ಲೋಹ ಎಷ್ಟೆಷ್ಟು ಎಂದು ನಿಮಿಷದೊಳಗೆ ಹೇಳುತ್ತದೆ. ಚಿನ್ನ ತೀರಾ ಅಲ್ಪವಾದ್ದರಿಂದ ಅದನ್ನು ನೇರವಾಗಿ ಹಿಡಿಯುವುದು ಈ ಯಂತ್ರಕ್ಕೆ ಕಷ್ಟ. ಅದಕ್ಕೇ ಚಿನ್ನದ ಸಂಗಡ ಅನೇಕ ಕಡೆ ಇರುವ ಆರ್ಸೆನಿಕ್ಕನ್ನು ಹುಡುಕುತ್ತಾರೆ. ಓಲಗದ ಸದ್ದು ಕೇಳಿ ಮದುವೆ ಮನೆ ಪತ್ತೆ ಮಾಡಿದ ಹಾಗೆ!

ಈಗಂತೂ ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯೂ ಬಂದಿದೆ. ಕೋಬೋಲ್ಡ್ ಮೆಟಲ್ಸ್ ಎಂಬ ಅಮೆರಿಕದ ಕಂಪನಿ ಆಫ್ರಿಕಾದ ಜಾಂಬಿಯಾ ದೇಶದಲ್ಲಿ ಮಿಂಗೊಂಬ ಎಂಬಲ್ಲಿ ತಾಮ್ರ ಹುಡುಕುತ್ತಿದೆ. ಅಲ್ಲಿ ತಾಮ್ರವಿದೆ ಎಂದು ಮೊದಲೇ ಗೊತ್ತಿತ್ತು. ಎಷ್ಟು ಶ್ರೀಮಂತ, ಎಷ್ಟು ವಿಸ್ತಾರ ಎಂಬುದೇ ಪ್ರಶ್ನೆ. ಬಹಳ ದೊಡ್ಡ ನಿಕ್ಷೇಪ ಎಂದು ಕಂಪನಿ 2024ರಲ್ಲಿ ಪ್ರಕಟಿಸಿತು. ಇವರ ಕಂಪ್ಯೂಟರಿನ ಊಟವೂ ಮುಖ್ಯವಾಗಿ ಹಳೆಯ ನಕಾಶೆ, ಹಳೆಯ ವರದಿಗಳೇ. (ಕೋಬೋಲ್ಡ್ ಎಂದರೆ ಜರ್ಮನ್ ಕಥೆಗಳ ಕುಚೇಷ್ಟೆಯ ಕುಳ್ಳ ಭೂತ. ಬೆಳ್ಳಿಯೆಂದು ಅಗೆದ ಕಲ್ಲು ಬೆಳ್ಳಿ ಕೊಡದೆ ವಿಷದ ಹೊಗೆ ಬಿಟ್ಟಾಗ ಗಣಿಯವರು ಇದು ಆ ಭೂತದ ಕಾಟ ಎಂದರಂತೆ. ಕೋಬಾಲ್ಟ್ ಲೋಹಕ್ಕೆ ಹೆಸರು ಬಂದದ್ದು ಹಾಗೆ.) ಕಂಪ್ಯೂಟರ್ ಹೇಳುವುದು ಇಲ್ಲಿ ಕೊರೆದು ನೋಡಿ ಎಂದು ಮಾತ್ರ. ಇದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಈಗಲೂ ಆ ಲಟ್ಟಣಿಗೆಯಂಥ ಕಲ್ಲು.

ರಿಜಿಸ್ಟರನ್ನು ಹೀಗೆ ಹೊಗಳಿದ ಮೇಲೆ ಸುಳ್ಳು ರಿಜಿಸ್ಟರಿನ ಕಥೆಯನ್ನೂ ಹೇಳಲೇಬೇಕು. ಇಂಡೋನೇಷ್ಯಾದ ಬುಸಾಂಗ್ ಎಂಬ ಕಾಡಿನಲ್ಲಿ ಪ್ರಪಂಚದ ಅತಿ ದೊಡ್ಡ ಚಿನ್ನದ ನಿಕ್ಷೇಪಗಳಲ್ಲೊಂದು ಸಿಕ್ಕಿದೆ ಎಂದು ಬ್ರಿ-ಎಕ್ಸ್ ಎಂಬ ಕೆನಡಾದ ಕಂಪನಿ 1990ರ ದಶಕದಲ್ಲಿ ಸಾರಿತು. ಷೇರಿನ ಬೆಲೆ ಆಕಾಶಕ್ಕೇರಿತು. ಪಿಂಚಣಿ ನಿಧಿಗಳ ಹಣವೂ ಅದರೊಳಗೆ ಹೋಯಿತು. ಆದರೆ ಬೇರೊಂದು ಕಂಪನಿ ಹಳೆಯ ರಂಧ್ರಗಳ ಪಕ್ಕದಲ್ಲೇ ಕೊರೆದು ನೋಡಿದರೆ ಚಿನ್ನ ನಾಪತ್ತೆ! 1997ರ ಮೇ ತಿಂಗಳಲ್ಲಿ ಸ್ವತಂತ್ರ ತಪಾಸಣೆಯವರು ವರದಿ ಕೊಟ್ಟರು: ಪರೀಕ್ಷೆಗೆ ಹೋಗುವ ಕಲ್ಲಿನ ಪುಡಿಗೆ ಹೊರಗಿನಿಂದ ಚಿನ್ನ ಬೆರೆಸಲಾಗಿತ್ತು. ಆ ಕಣಗಳ ಅಂಚು ದುಂಡಗೆ ಸವೆದಿತ್ತು. ಹೊಳೆಯ ನೀರಿನಲ್ಲಿ ಉರುಳಿದ ಚಿನ್ನ ಹಾಗಿರುತ್ತದೆ, ಬಂಡೆಯೊಳಗಿನದಲ್ಲ.

ಗುಮಾಸ್ತನ ಕಣ್ಣಿಗೆ ಇದರಲ್ಲಿ ಬೇರೊಂದು ಸಂಗತಿ ಕುಕ್ಕುತ್ತದೆ. ಸಾಮಾನ್ಯವಾಗಿ ಕೋರನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಕಳಿಸಿ, ಅರ್ಧವನ್ನು ಪೆಟ್ಟಿಗೆಯಲ್ಲಿ ಇಡುವುದು ಪದ್ಧತಿ. ಬುಸಾಂಗಿನಲ್ಲಿ ಬಹುಪಾಲು ಕೋರನ್ನು ಪೂರ್ತಿ ಪುಡಿ ಮಾಡಿಬಿಡುತ್ತಿದ್ದರು. ಅಂದರೆ ಆಫೀಸ್ ಕಾಪಿಯೇ ಇಲ್ಲ! ಆಫೀಸ್ ಕಾಪಿ ಇಲ್ಲದ ವೋಚರನ್ನು ಯಾವ ಗುಮಾಸ್ತ ಪಾಸ್ ಮಾಡುತ್ತಾನೆ? ಕೆನಡಾದಲ್ಲಿ 2001ರಿಂದ ಕಟ್ಟುನಿಟ್ಟಿನ ನಿಯಮ ಬಂತು. ಈಗ ಪರೀಕ್ಷೆಗೆ ಹೋಗುವ ಮಾದರಿಗಳ ನಡುನಡುವೆ ಚಿನ್ನವೇ ಇಲ್ಲದ ಕಲ್ಲು, ಎಷ್ಟಿದೆ ಎಂದು ಮೊದಲೇ ತಿಳಿದಿರುವ ಪುಡಿ, ಒಂದೇ ಮಾದರಿಯ ಎರಡು ಪಾಲು, ಇವನ್ನು ಪ್ರಯೋಗಾಲಯಕ್ಕೆ ಗುರುತು ಸಿಗದಂತೆ ಸೇರಿಸಿ ಕಳಿಸುತ್ತಾರೆ. ಉತ್ತರ ತಾಳೆಯಾಗದಿದ್ದರೆ ಆ ಕಂತೆಯನ್ನು ಮತ್ತೆ ಪರೀಕ್ಷಿಸಬೇಕು.

ನಮ್ಮಲ್ಲಿ ರಿಜಿಸ್ಟರುಗಳಿಗೇನೂ ಕೊರತೆಯಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ 1851ರಿಂದ ಬರೆಯುತ್ತಾ ಬಂದಿದೆ. ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ದೇಶದ ಭೂವಿಜ್ಞಾನದ ಅಂಕಿಅಂಶಗಳನ್ನು ಒಂದೇ ಕಡೆ ನೋಡಲು ಜಾಲತಾಣ ತೆರೆಯಿತು.

ಕೆ.ಜಿ.ಎಫ್.ಗೆ ಹೋದವರು ಅಲ್ಲಿನ ಬೂದು ಬಣ್ಣದ ಚಪ್ಪಟೆ ದಿಬ್ಬಗಳನ್ನು ನೋಡಿರುತ್ತೀರಿ. ಸೈನೈಡ್ ದಿಬ್ಬ ಎನ್ನುತ್ತಾರೆ. ಚಿನ್ನ ತೆಗೆದು ಉಳಿದ ಕಲ್ಲಿನ ಪುಡಿ ಅದು, ಒಟ್ಟು 3.3 ಕೋಟಿ ಟನ್‌ನಷ್ಟು. ಹಳೆಯ ಕಾಲದ ವಿಧಾನದಲ್ಲಿ ಚಿನ್ನ ಪೂರ್ತಿ ಬರುತ್ತಿರಲಿಲ್ಲ, ಸ್ವಲ್ಪ ಪುಡಿಯಲ್ಲೇ ಉಳಿದಿದೆ. ಆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಟನ್ನಿಗೆ ಸುಮಾರು ಒಂದು ಗ್ರಾಂ ಸಿಗಬಹುದು ಎಂದು ಪತ್ರಿಕೆಗಳು ಬರೆದವು. ಅಜ್ಜಿಯ ಉಂಗುರಕ್ಕೆ ಐದು ಟನ್ ದೂಳು, ಅಂದರೆ ನೂರು ಅಕ್ಕಿ ಮೂಟೆಯಷ್ಟು. ಗಾಳಿ ಬೀಸಿದಾಗ ಆ ದೂಳು ಮನೆಯೊಳಗೆ ಬರುತ್ತದೆ ಎಂದು ನನ್ನ ಹಳೆಯ ಗ್ರಾಹಕರು ಆಗಲೇ ಹೇಳುತ್ತಿದ್ದರು.